ಸಿಪ್ಪೆಯ ಬಿಸಿ, ಬೀಜದ ಬಿಸಿ

ಬೆಳಗಿನ ಐದು ಗಂಟೆ ನಲವತ್ತು ನಿಮಿಷಕ್ಕೆ ಅಳತೆ ಅಕ್ಕ ಗಾಜಿನ ಲೋಟದಲ್ಲಿದ್ದ ಐಸನ್ನು ಚಮಚದ ಹಿಡಿಯಿಂದ ಕುಟ್ಟಿ ಪುಡಿ ಮಾಡುತ್ತಿದ್ದಳು. ಪುಡಿಗೆ ಒಂದಿಷ್ಟು ತಣ್ಣೀರು ಬೆರೆಸಿ, ಅದರೊಳಗೆ ತನ್ನ ಸೂಜಿ ಥರ್ಮಾಮೀಟರನ್ನು ಗಾಜಿಗೆ ತಾಗದ ಹಾಗೆ ಇಳಿಸಿ ಹಿಡಿದು ನಿಂತಳು. ಅಂಕಿ ಇಳಿಯುತ್ತ ಬಂದು, ಕೊನೆಯಲ್ಲಿ ಸ್ವಲ್ಪ ತೂಗಾಡಿ, ಸೊನ್ನೆಯಲ್ಲಿ ನಿಂತಿತು. ಕರಗುತ್ತಿರುವ ಐಸು ಯಾವಾಗಲೂ ಸೊನ್ನೆಯೇ. ಬೇರೇನಾದರೂ ತೋರಿಸಿದರೆ ತಪ್ಪು ಸೂಜಿಯದು. ಇಷ್ಟು ಖಾತ್ರಿಯಾಗದೆ ಅವಳು ಒಂದು ಹಣ್ಣನ್ನೂ ಚುಚ್ಚಿದವಳಲ್ಲ.

ಅವಳು ಚೆರ್ರಿ ಹಣ್ಣು ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಗುಣಮಟ್ಟ ನೋಡುವವಳು. ಮರದಿಂದ ಇಳಿದ ಹಣ್ಣು ಮೈಯೆಲ್ಲ ಬಿಸಿಯಾಗಿರುತ್ತದೆ. ಅದರ ಮೇಲೆ ತಣ್ಣೀರು ಸುರಿದರೆ ಸಿಪ್ಪೆ ಎರಡೇ ನಿಮಿಷದಲ್ಲಿ ತಣ್ಣಗಾಗುತ್ತದೆ, ಒಳಗೆ ಬೀಜದ ಹತ್ತಿರ ಬಿಸಿ ಹಾಗೇ ಕೂತಿರುತ್ತದೆ. ಆ ಹಣ್ಣನ್ನು ಡಬ್ಬಿಗೆ ತುಂಬಿ ಕಳಿಸಿದರೆ ದಾರಿಯಲ್ಲೇ ಮೆತ್ತಗಾಗಿ, ತಲುಪುವ ಹೊತ್ತಿಗೆ ಗಂಜಿಯಾಗಿರುತ್ತದೆ. ಆದ್ದರಿಂದ ಅವಳು ಪ್ರತಿ ರಾಶಿಯಿಂದ ಹಣ್ಣು ಆರಿಸಿ, ಸೂಜಿಯನ್ನು ಬೀಜ ತಾಗುವವರೆಗೆ ಇಳಿಸಿ, ಬಂದ ಅಂಕಿಯನ್ನು ಗಟ್ಟಿಯಾಗಿ ಕೂಗಿ ಹೇಳುತ್ತಿದ್ದಳು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳದು ಒಂದೇ ಪಾಠ: "ಸಿಪ್ಪೆ ಹೇಳಿದ್ದನ್ನ ನಂಬ್ಬೇಡಿ. ಬೀಜದ ಹತ್ರ ಹೋಗಿ ಕೇಳಿ."

ಒಮ್ಮೆ ಅರ್ಧ ಡಿಗ್ರಿ ಹೆಚ್ಚಿತ್ತೆಂದು ತುಂಬಿದ ಲಾರಿಯನ್ನು ಬಾಗಿಲಿಂದ ವಾಪಸ್ ಒಳಗೆ ತರಿಸಿದ್ದಳು. ಲಾರಿಯವನು ಬೈದ. ಅವಳು ಅವನಿಗೆ ಚಹಾ ತರಿಸಿಕೊಟ್ಟು, ಪಕ್ಕದಲ್ಲೇ ನಿಂತು ಮತ್ತೆ ಅಳೆದಳು. ಅಳತೆ ಅಕ್ಕ ಎಂಬ ಹೆಸರು ಬಿದ್ದದ್ದು ಅವತ್ತೇ. ಬಸ್ಸು ಓಡಿಸಿ ನಿವೃತ್ತನಾಗಿದ್ದ ಗಂಡ ಸಿಕ್ಕವರ ಮುಂದೆಲ್ಲ ಹೇಳುತ್ತಿದ್ದ: "ನಮ್ಮ ಮದುವೆಗೆ ಮುಂಚೆ ನಾನು ಒಳ್ಳೆಯವನು ಅಂತ ನಾನೇ ಹೇಳಿದೆ, ಇವಳು ನಂಬ್ಲಿಲ್ಲ. ಹೋಗಿ ನಮ್ಮಮ್ಮನ್ನ ಕೇಳಿದ್ಲು. ಅಲ್ಲಿಂದ ಇಲ್ಲೀತನಕ ನಾನು ಸಿಪ್ಪೆ, ನಮ್ಮಮ್ಮ ಬೀಜ."

ಶೆಡ್ಡು ಮತ್ತು ಅದರ ಹಿಂದಿನ ತೋಟದ ಉಸ್ತುವಾರಿ ಅವಳ ತಮ್ಮನದು. ಮಾಲೀಕರು ಫೋನಿನಲ್ಲಷ್ಟೇ ಸಿಗುತ್ತಿದ್ದರು. ತಾಯಿ ತೀರಿಕೊಂಡಾಗ ತಮ್ಮ ಇನ್ನೂ ಶೂ ಲೇಸು ಕಟ್ಟಿಕೊಳ್ಳಲು ಬಾರದ ಮಗು. ಅವನಿಗೆ ಊಟ ಮಾಡಿಸಿ, ಪಾಠ ಹೇಳಿ, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡು ಬೆಳೆಸಿದವಳು ಅಕ್ಕ. ಈಗ ಅವನ ತಲೆಯಲ್ಲಿ ಕೂದಲಿಲ್ಲ, ಕೈಕೆಳಗೆ ನೂರು ಜನ. ಆದರೂ ಅವಳ ಬಾಯಲ್ಲಿ ಅವನು ಪುಟ್ಟ.

ಪ್ರತಿ ವರ್ಷ ಹಣ್ಣಿನ ಕಾಲಕ್ಕೆ ಹೊರದೇಶದಿಂದ ಕೆಲಸದವರು ಬರುತ್ತಿದ್ದರು, ಹಣ್ಣು ಮುಗಿದ ಮೇಲೆ ಹೋಗುತ್ತಿದ್ದರು. ಅವರಲ್ಲಿ ಆರು ವರ್ಷ ತಪ್ಪದೆ ಬಂದವಳು ಬೆಳ್ಳಿಹಲ್ಲು. ಮೊದಲ ವರ್ಷ ಅವಳು ತನ್ನ ಹೆಸರು ಹೇಳಿದಾಗ ಯಾರ ನಾಲಿಗೆಯೂ ಹೊರಳಲಿಲ್ಲ. ನಕ್ಕು, ಬೆಳ್ಳಿಯ ಕವಚ ಹಾಕಿದ ತನ್ನ ಕೋರೆಹಲ್ಲನ್ನು ಬೆರಳಿಂದ ತೋರಿಸಿ, "ಇದು ಸಾಕು" ಎಂದಿದ್ದಳು. ಹಣ್ಣು ಸಾಗಿಬರುವ ಬೆಲ್ಟಿನ ಪಕ್ಕದಲ್ಲಿ, ಅಳತೆ ಅಕ್ಕನ ಎಡಗಡೆಗೆ, ಒಡೆದ ಹಣ್ಣನ್ನು ಆರಿಸಿ ತೆಗೆಯುವುದು ಅವಳ ಕೆಲಸ. ತನ್ನ ಊರಿನಲ್ಲಿ ಮನೆ ಕಟ್ಟಿಸುತ್ತಿದ್ದಳು. ಒಂದು ವರ್ಷದ ದುಡಿಮೆಯಲ್ಲಿ ಗೋಡೆ, ಇನ್ನೊಂದರಲ್ಲಿ ಚಾವಣಿ. ಉಳಿದದ್ದು ಕಿಟಕಿ. ಕಿಟಕಿಯ ಅಳತೆ ಕೇಳಿದರೆ ಎರಡೂ ಕೈ ಚಾಚಿ ತೋರಿಸುತ್ತಿದ್ದಳು. ಅಳತೆ ಅಕ್ಕನಿಗೆ ತಡೆಯಲಿಲ್ಲ. ತನ್ನದೇ ಅಳತೆಯ ಟೇಪನ್ನು ಅವಳ ಚೀಲಕ್ಕೆ ಹಾಕಿ, "ಕೈ ದಿನಕ್ಕೊಂದು ಥರ ಚಾಚತ್ತೆ ಕಣೇ. ಇದರಲ್ಲಿ ನೋಡು" ಎಂದಳು. ಊರಿಗೆ ಹೋದ ಬೆಳ್ಳಿಹಲ್ಲು ಫೋನು ಮಾಡಿ ನಾಲ್ಕು ಕಿಟಕಿಗಳ ಅಗಲ ಎತ್ತರವನ್ನು ಒಂದೇ ಉಸಿರಿಗೆ ಓದಿ ಹೇಳಿದ್ದಳು.

ಆಮೇಲೆ ಸಾಂಕ್ರಾಮಿಕ ಬಂತು. ಗಡಿಗಳು ಮುಚ್ಚಿದವು. ಮರಗಳು ಮಾತ್ರ ತಮ್ಮ ಪಾಡಿಗೆ ಹೂ ಬಿಟ್ಟವು.

ಒಂದು ಮಧ್ಯಾಹ್ನ ತಮ್ಮ ಅವಳ ಅಡುಗೆಮನೆಯ ಕಿಟಕಿಯ ಹೊರಗೆ, ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ನಿಂತ. "ಅಕ್ಕಾ, ನಿನ್ನಿಂದ ಒಂದು ಫೋನ್ ಆಗ್ಬೇಕು."

"ಯಾರಿಗೋ?"

"ಬೆಳ್ಳಿಹಲ್ಲಿಗೆ. ತೋಟದ ಕೆಲಸಕ್ಕೆ ಹೊರಗಿನವರನ್ನ ಕರೆಸ್ಕೊಳ್ಳೋಕೆ ಸರ್ಕಾರ ಒಪ್ಪಿದೆ, ಅವರಿಗಂತಲೇ ವಿಮಾನ ಬಿಡ್ತಾರಂತೆ. ಕೆಲಸದವರನ್ನ ಕಳಿಸೋ ಏಜೆನ್ಸಿಯವರು ಕೇಳಿದ್ರೆ ಒಬ್ರೂ ಹೂಂ ಅಂತಿಲ್ಲ. ಅವಳು ಹೊರಟ್ರೆ ಅವಳ ಹಿಂದೆ ಊರೇ ಬರತ್ತೆ."

"ಇಲ್ಲಿಯವರು ಸಿಗಲ್ವಾ? ಕೆಲಸ ಹೋಗಿ ಎಷ್ಟು ಜನ ಮನೇಲಿ ಕೂತಿದಾರೆ."

"ಕರೆದು ನೋಡ್ದೆ. ಬೆಳಗ್ಗೆ ಹನ್ನೊಂದು ಜನ ಬಂದ್ರು, ಮಧ್ಯಾಹ್ನಕ್ಕೆ ನಾಲ್ಕು ಜನ ಉಳಿದ್ರು. ಮಾರನೇ ದಿನ ಒಬ್ಬ ಬಂದ. ಅವನೂ ಮರೆತು ಹೋಗಿದ್ದ ಟೋಪಿ ತಗೊಂಡು ಹೋಗೋಕೆ."

ಅವಳು ನಕ್ಕಳು. ನಕ್ಕಾದ ಮೇಲೆ ಇಲ್ಲ ಎನ್ನುವುದು ಕಷ್ಟ. ಅಲ್ಲಿಂದಲೇ ಫೋನು ಮಾಡಿದಳು.

"ಅಲ್ಲಿ ಕಾಯಿಲೆ ಇದೆ ಅಕ್ಕ?" ಎಂದಳು ಬೆಳ್ಳಿಹಲ್ಲು. ಅವಳಿಗೆ ಇಲ್ಲಿನ ಭಾಷೆ ಕೆಲಸಕ್ಕೆ ಬೇಕಾದಷ್ಟು ಬರುತ್ತಿತ್ತು, ಅಲಂಕಾರಕ್ಕೆ ಬರುತ್ತಿರಲಿಲ್ಲ.

"ಇದೆ. ಎಲ್ಲಾ ಕಡೆ ಇದೆ."

"ಅತ್ತೆ ಬೇಡ ಅಂತಾರೆ."

"ನಾನಿದೀನಲ್ಲ. ದಿನಾ ನಾನೇ ಅಳೀತೀನಿ, ಇನ್ನೊಬ್ಬರ ಕೈಗೆ ಕೊಡಲ್ಲ. ಯಾರಿಗಾದ್ರೂ ಸ್ವಲ್ಪ ಮೈ ಬೆಚ್ಚಗಾದ್ರೂ ಆ ಕ್ಷಣವೇ ಡಾಕ್ಟರು."

"ನೀನು ಅಳೆದ್ರೆ ಬರ್ತೀನಿ" ಎಂದಳು ಬೆಳ್ಳಿಹಲ್ಲು.

ಬೆಳ್ಳಿಹಲ್ಲು ಬಂದಳು. ಅವಳ ಮಾತಿನ ಮೇಲೆ ಇನ್ನೂ ಹತ್ತೊಂಬತ್ತು ಜನ ಬಂದರು. ಶೆಡ್ಡಿನ ಹಿಂದೆ ಇಟ್ಟಿದ್ದ ತಗಡಿನ ಕೋಣೆಗಳಲ್ಲಿ ಎರಡು ವಾರ ಬೇರೆಯಾಗಿದ್ದು, ಆಮೇಲೆ ಕೆಲಸಕ್ಕೆ ಇಳಿದರು. ಒಂದು ಕೋಣೆಗೆ ಇಬ್ಬರು ಎಂಬುದು ಮೊದಲಿನ ಮಾತು. ಬರಬೇಕಿದ್ದ ಉಳಿದ ಕೋಣೆಗಳು ಬರಲಿಲ್ಲ. ಮಂಚದ ಮೇಲೆ ಮಂಚ ಏರಿಸಿ ನಾಲ್ಕು ನಾಲ್ಕು ಜನ ಮಲಗಿದರು, ನಡುವೆ ಹಾಸಿಗೆಯ ಚಾದರವನ್ನೇ ಪರದೆ ಮಾಡಿಕೊಂಡರು. "ಇದ್ಯಾಕೋ ಹೀಗೆ?" ಎಂದು ಅಕ್ಕ ಕೇಳಿದಳು. "ಬರತ್ತೆ ಅಕ್ಕಾ, ಮುಂದಿನ ವಾರ ಬರತ್ತೆ" ಎಂದ ತಮ್ಮ. ಮುಂದಿನ ವಾರ ಅವಳು ಮತ್ತೆ ಕೇಳಲಿಲ್ಲ.

ನಿಯಮ ಸರಳವಾಗಿತ್ತು. ಬೆಳಗ್ಗೆ ಒಮ್ಮೆ, ಊಟದ ನಂತರ ಒಮ್ಮೆ, ಗೇಟಿನಲ್ಲಿ ಎಲ್ಲರ ಹಣೆಗೂ ಮೈಬಿಸಿ ಅಳೆಯುವ ಗನ್ ಹಿಡಿದು ನೋಡಬೇಕು. ಮೂವತ್ತೇಳೂವರೆ ದಾಟಿದವರನ್ನು ಒಳಗೆ ಬಿಡಬಾರದು. ಒಬ್ಬರಿಗೆ ಜ್ವರವೆಂದಾದರೂ ಶೆಡ್ಡು ಎರಡು ವಾರ ಮುಚ್ಚಬೇಕು. ಆ ವರ್ಷ ಹಣ್ಣಿನ ಕಾಲವೇ ಒಟ್ಟು ಐದು ವಾರದ್ದು. ದಿನಾ ಏಳು ಗಂಟೆಗೆ ಆರೋಗ್ಯ ಇಲಾಖೆಯ ಅಧಿಕಾರಿ ಫೋನು ಮಾಡಿ, "ಇವತ್ತಿನ ಅತಿ ಹೆಚ್ಚು ಎಷ್ಟು ಮೇಡಂ?" ಎಂದು ಕೇಳುತ್ತಿದ್ದರು. ಅವಳು ಹೇಳುತ್ತಿದ್ದಳು.

ಮೊದಲ ವಾರದಲ್ಲೇ ಒಂದು ಬಿಸಿಲಿನ ಮಧ್ಯಾಹ್ನ ಮೂವರ ಹಣೆ ಮೂವತ್ತೆಂಟರ ಹತ್ತಿರ ತೋರಿಸಿತು. ತಮ್ಮನ ಮುಖದಲ್ಲಿ ರಕ್ತವಿರಲಿಲ್ಲ. ಅಕ್ಕ ಗಾಬರಿಯಾಗಲಿಲ್ಲ. ತೋಟದಿಂದ ಬಿಸಿಲಿಗೆ ಮುಖ ಕೊಟ್ಟು ನಡೆದು ಬಂದ ಹಣೆ ಬಿಸಿಯಾಗಿರದೆ ಇನ್ನೇನು? ಮೂವರನ್ನೂ ಶೀತಲಕೋಣೆಯ ಮುಂಕೋಣೆಯಲ್ಲಿ ಬೆಂಚಿನ ಮೇಲೆ ಕೂರಿಸಿದಳು. ಆಮೇಲೆ ಗೇಟಿನ ಡ್ರಾಯರಿನಲ್ಲಿದ್ದ ಕಂಕುಳ ಥರ್ಮಾಮೀಟರು ತಂದು ಒಬ್ಬೊಬ್ಬರನ್ನೂ ನೋಡಿದಳು. ಯಾರಿಗೂ ಜ್ವರವಿರಲಿಲ್ಲ. ಅವತ್ತು ಅವಳು ಮಾಡಿದ್ದು ಸರಿಯಾಗಿಯೇ ಇತ್ತು. ಮುಂದೆ ಎಷ್ಟೋ ಸಲ ಹಿಂತಿರುಗಿ ನೋಡಿದಾಗಲೂ ಆ ಮಧ್ಯಾಹ್ನದಲ್ಲಿ ಅವಳಿಗೆ ತಪ್ಪು ಸಿಗಲಿಲ್ಲ.

ಮಾರನೇ ದಿನ ನೋಡಿದರೆ ಮುಂಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ. "ದಿನಾ ಇಲ್ಲೇ ಅಳೆದ್ಬಿಡು ಅಕ್ಕಾ," ಎಂದ ತಮ್ಮ. "ಗೇಟಲ್ಲಿ ಬಿಸಿಲಿನ ಕಾಟ. ನೀನೇ ಹೇಳಿದ್ಯಲ್ಲ."

ಅವಳು ಹೇಳಿದ್ದು ನಿಜ. ಬೆಳಗಿನ ಹೊತ್ತು ಬಿಸಿಲಿನ ಕಾಟ ಇರುವುದಿಲ್ಲವೆಂದು ಹೇಳಬಹುದಿತ್ತು, ಹೇಳಲಿಲ್ಲ. ಮುಂಕೋಣೆ ಎಂದರೆ ಹಣ್ಣಿನ ಕ್ರೇಟುಗಳು ಒಳಗೆ ಹೋಗುವ ಮುನ್ನ ಕಾಯುವ ಜಾಗ. ಅಲ್ಲಿ ಸ್ವೆಟರಿಲ್ಲದೆ ನಿಂತರೆ ಹಲ್ಲು ಕಟಕಟಿಸುತ್ತದೆ. ಇಪ್ಪತ್ತು ಜನ ಬೆಂಚಿನ ಮೇಲೆ ಸರದಿ ಕಾಯುತ್ತ ಕೂರತೊಡಗಿದರು. ಕಂಕುಳ ಥರ್ಮಾಮೀಟರು ಗೇಟಿನ ಡ್ರಾಯರಿನಲ್ಲೇ ಉಳಿಯಿತು.

ಫೋನಿನಲ್ಲಿ ಹೇಳುವ ಅಂಕಿ ಇಳಿಯಿತು. ಮೂವತ್ತಾರು ಪಾಯಿಂಟ್ ಒಂಬತ್ತು ಇದ್ದದ್ದು ಮೂವತ್ತಾರೂವರೆ ಆಯಿತು, ಒಂದು ದಿನ ಮೂವತ್ತಾರರ ಕೆಳಗೂ ಹೋಯಿತು. "ಚೆನ್ನಾಗಿ ನೋಡ್ಕೊಂಡಿದೀರಿ ಮೇಡಂ," ಎಂದರು ಅಧಿಕಾರಿ. ಇಪ್ಪತ್ತು ಜನರ ಮೈ ಒಟ್ಟಿಗೆ ತಣ್ಣಗಾಗುವುದಿಲ್ಲವೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಣ್ಣೀರು ಬಿದ್ದ ಚೆರ್ರಿಯ ಸಿಪ್ಪೆಯನ್ನು ಅವಳು ದಿನಕ್ಕೆ ನೂರು ಸಲ ನೋಡುತ್ತಿದ್ದಳು. ಮುಂಕೋಣೆಯ ಮೇಜಿನ ಮುಂದೆ ಕೂತಾಗ ಮಾತ್ರ ಆ ವಿಷಯ ನೆನಪಿಗೆ ಬರದಂತೆ ನೋಡಿಕೊಂಡಳು. ಅದಕ್ಕೆ ಹೆಚ್ಚು ಶ್ರಮವೇನೂ ಬೇಕಾಗಲಿಲ್ಲ.

ಐಸು ಕುಟ್ಟಿ ಸೂಜಿಯ ಸೊನ್ನೆ ನೋಡಿದ ಆ ಬೆಳಗ್ಗೆ, ಎಂದಿನ ಹಾಗೆ ಆರೂವರೆಗೆ ಕೆಲಸದವರು ಬಂದು ಬೆಂಚಿನ ಮೇಲೆ ಕೂತರು. ಬೆಳ್ಳಿಹಲ್ಲು ಎಲ್ಲರಿಗಿಂತ ಕೊನೆಯಲ್ಲಿ ಬಂದಳು. ಸರದಿ ಬಂದಾಗ ಹಣೆ ಮುಂದೆ ಮಾಡಿ, "ಒಳ್ಳೇ ಹಣ್ಣು, ಡಬ್ಬಿಗೆ ಹಾಕು" ಎನ್ನುವುದು ಅವಳ ದಿನದ ತಮಾಷೆ. ಅವತ್ತು ಏನೂ ಹೇಳದೆ ಮೇಜಿಗೆ ಕೈ ಊರಿ ನಿಂತಳು. ಮಾಸ್ಕಿನ ಮೇಲೆ ಕಣ್ಣುಗಳು ಕೆಂಪಾಗಿದ್ದವು. ಗನ್ ಎತ್ತುವಾಗ ಅಳತೆ ಅಕ್ಕನ ಮಣಿಕಟ್ಟು ಅವಳ ಕೈಗೆ ತಾಗಿತು. ಒಲೆಯ ಮೇಲಿಂದ ಈಗಷ್ಟೇ ಇಳಿಸಿದ ಪಾತ್ರೆಗೆ ತಾಗಿದ ಹಾಗಾಯಿತು.

"ಅಕ್ಕ, ನಾನು ಬಿಸಿ," ಎಂದಳು ಬೆಳ್ಳಿಹಲ್ಲು.

ಗನ್ನು ಪೀಂ ಎಂದಿತು.

ಬಾಗಿಲಲ್ಲಿ ತಮ್ಮ ನಿಂತಿದ್ದ. ಹೊರಗೆ ಎರಡು ಲಾರಿ ಇಂಜಿನ್ ಆರಿಸದೆ ಕಾಯುತ್ತಿದ್ದವು. ಇನ್ನು ಮೂರು ವಾರದ ಹಣ್ಣು ಮರದ ಮೇಲಿತ್ತು. ಚಿಕ್ಕವನಿದ್ದಾಗ ಹೋಮ್‌ವರ್ಕ್ ಮಾಡದೆ ಶಾಲೆಗೆ ಹೊರಟು, ಹೊಟ್ಟೆನೋವೆಂದು ಚೀಟಿ ಬರೆದುಕೊಡು ಎಂದು ಕೇಳುವ ಮುಂಚೆ ನೋಡುತ್ತಿದ್ದನಲ್ಲ, ತಮ್ಮ ಈಗಲೂ ಹಾಗೆ ನೋಡಿದ. "ಎಷ್ಟಕ್ಕಾ?" ಎಂದ.

'ತಡಿ, ಇನ್ನೊಂದರಲ್ಲಿ ನೋಡ್ತೀನಿ' ಎಂಬ ಮಾತು ಅವಳ ಗಂಟಲಿನವರೆಗೆ ಬಂದಿತ್ತು. ಎದ್ದು ನಾಲ್ಕು ಹೆಜ್ಜೆ ಹೋದರೆ ಗೇಟಿನ ಡ್ರಾಯರು ಸಿಗುತ್ತಿತ್ತು. ಅವಳು ಕೂತಲ್ಲೇ ಗನ್ನಿನ ಹಿಂಬದಿಯ ಅಂಕಿ ಓದಿದಳು.

"ಮೂವತ್ತಾರು ಪಾಯಿಂಟ್ ನಾಲ್ಕು."

ಬೆಳ್ಳಿಹಲ್ಲಿನ ಹೆಗಲು ಸಡಿಲಾಯಿತು. ಅಂಗೈಯನ್ನು ತನ್ನದೇ ಕತ್ತಿಗೆ ಇಟ್ಟು ನೋಡಿಕೊಂಡಳು. ಆಮೇಲೆ ಆ ಕೈಗೆ ಏನೂ ತಿಳಿಯುವುದಿಲ್ಲ ಎಂಬಂತೆ ಅದನ್ನು ಕೆಳಗಿಳಿಸಿದಳು. "ಸರಿ ಅಕ್ಕ," ಎಂದಳು. "ಹಾಗಾದ್ರೆ ಜ್ವರ ಅಲ್ಲ. ಬರೀ ಸುಸ್ತು. ನಿದ್ದೆ ಇಲ್ಲ." ಏಪ್ರನ್ ಕಟ್ಟಿಕೊಂಡು ಬೆಲ್ಟಿನ ಹತ್ತಿರ ಹೋದಳು.

ಹನ್ನೊಂದರ ಸುಮಾರಿಗೆ ಅವಳು ಏನೋ ಬಿದ್ದದ್ದನ್ನು ಹುಡುಕುವವಳ ಹಾಗೆ ಕ್ರೇಟುಗಳ ನಡುವೆ ನೆಲಕ್ಕೆ ಕೂತಳು. ಮೇಲೇಳಲಿಲ್ಲ. ಬೆಲ್ಟಿನ ಮೇಲೆ ಒಡೆದ ಹಣ್ಣೂ ಒಳ್ಳೆಯ ಹಣ್ಣೂ ಒಟ್ಟೊಟ್ಟಿಗೆ ಮುಂದಕ್ಕೆ ಹೋದವು. ಆಂಬುಲೆನ್ಸಿನವರು ಬಂದು ಅವಳನ್ನು ಅಂಗಳಕ್ಕೆ ತಂದು ಅಳೆದರು, "ಮೂವತ್ತೊಂಬತ್ತು ಪಾಯಿಂಟ್ ಏಳು" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಅವಳ ಕೋಣೆಯ ಉಳಿದ ಮೂವರಿಗೂ ಸೋಂಕಿರುವುದು ಮರುದಿನ ತಿಳಿಯಿತು. ಶೆಡ್ಡು ಮುಚ್ಚಿತು. ಹಣ್ಣನ್ನು ಹಕ್ಕಿಗಳು ತಿಂದು ತೇಗಿದವು. ಯಾವುದನ್ನು ಉಳಿಸಲು ಅವಳು ಡ್ರಾಯರಿನ ತನಕ ಹೋಗಿರಲಿಲ್ಲವೋ ಅದೂ ಉಳಿಯಲಿಲ್ಲ.

ಶೆಡ್ಡು ಮುಚ್ಚುವ ಮುನ್ನ, ಬೆಳ್ಳಿಹಲ್ಲು ಬಿದ್ದ ದಿನವೇ ಸಂಜೆ, ಅಳತೆ ಅಕ್ಕ ಒಬ್ಬಳೇ ಮುಂಕೋಣೆಯ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಳು. ಆಮೇಲೆ ತನ್ನ ಹಣೆಗೆ ತಾನೇ ಗನ್ ಹಿಡಿದಳು, ಕಂಕುಳಲ್ಲಿ ಥರ್ಮಾಮೀಟರು ಇಟ್ಟುಕೊಂಡಳು. ಎರಡಕ್ಕೂ ನಡುವೆ ಎರಡು ಡಿಗ್ರಿಯ ಹತ್ತಿರ ವ್ಯತ್ಯಾಸ. ತಮ್ಮ ಬಂದು ಇಣುಕಿ, "ಅಲ್ಲೇನಕ್ಕಾ ಮಾಡ್ತಿದೀಯಾ, ಚಳೀಲಿ?" ಎಂದ.

"ಏನಿಲ್ಲ ಪುಟ್ಟಾ. ಮೇಜು ಎತ್ತಿಸ್ಬಿಡು ಇಲ್ಲಿಂದ."

ಮಾತು ಹೊರಬಿದ್ದ ಮೇಲೆ ತಾನು ಹೇಳಿದ್ದೇನೆಂದು ಅವಳಿಗೆ ಹೊಳೆಯಿತು. ಮೇಜು ಎತ್ತಿದರೆ, ಅಲ್ಲಿ ಮೇಜಿತ್ತು ಎಂಬುದಕ್ಕೆ ಗುರುತಿರುವುದಿಲ್ಲ. ತಮ್ಮ ತಕ್ಷಣವೇ ಎತ್ತಿಸಿದ.

ಬೆಳ್ಳಿಹಲ್ಲು ಮೂರು ವಾರ ಆಸ್ಪತ್ರೆಯಲ್ಲಿದ್ದು ಹಿಂತಿರುಗಿದಳು. ತನ್ನ ಚೀಲ ಎತ್ತಲು ಹೋಗಿ ಎರಡು ಸಲ ಕೆಳಗಿಟ್ಟಳು. ಊರಿಗೆ ಹೊರಡುವ ಹಿಂದಿನ ದಿನ ಅಧಿಕಾರಿ ವಿಚಾರಣೆಗೆ ಬಂದರು. ತೆಳ್ಳಗಿನ, ಮೃದುವಾಗಿ ಮಾತಾಡುವ ಮನುಷ್ಯ, ಒಂದರ ಮೇಲೊಂದು ಮಾಸ್ಕ್ ಹಾಕಿದ್ದರು. ಶೆಡ್ಡಿನ ಹೊರಗೆ ನೆರಳಿನಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳನ್ನು ದೂರ ದೂರ ಹಾಕಿಸಿದರು. ಬೆಳ್ಳಿಹಲ್ಲು, ಅಳತೆ ಅಕ್ಕ, ಅವಳ ತಮ್ಮ, ಅವರು.

"ಒಂದೇ ಒಂದು ವಿಷಯ ಬಗೆಹರೀತಿಲ್ಲ," ಎಂದರು ಅಧಿಕಾರಿ. "ಆರೂವರೆಗೆ ಜ್ವರ ಇಲ್ಲ. ಹನ್ನೊಂದಕ್ಕೆ ನಲವತ್ತರ ಹತ್ರ. ಮೂರು ದಿನದಿಂದ ಜ್ವರ ಇದ್ದಿರಬೇಕು ಅಂತಾರೆ ಆಸ್ಪತ್ರೆಯವರು. ಇದಕ್ಕೆ ಒಂದೇ ದಾರಿ ನಂಗೆ ಕಾಣೋದು." ಬೆಳ್ಳಿಹಲ್ಲಿನ ಕಡೆ ತಿರುಗಿದರು. "ಬೆಳಗ್ಗೆ ಮಾತ್ರೆ ನುಂಗಿ, ಜ್ವರ ಇಳಿಸ್ಕೊಂಡು ಒಳಗೆ ಬರೋದು. ಬೇರೆ ಕಡೆನೂ ಹೀಗೆ ಆಗಿದೆಯಮ್ಮ. ಕೂಲಿ ತಪ್ಪತ್ತೆ ಅನ್ನೋ ಭಯ, ನಂಗೆ ಅರ್ಥ ಆಗತ್ತೆ. ಆದ್ರೆ ಮುಚ್ಚಿಟ್ಟಿದ್ದು ಅಂತಾದ್ರೆ ನಿಮ್ಮನ್ನ ಮತ್ತೆ ಈ ಕೆಲಸಕ್ಕೆ ಕರೆಸೋ ಹಾಗಿಲ್ಲ."

ಬೆಳ್ಳಿಹಲ್ಲು ನಿಧಾನಕ್ಕೆ, ಉಸಿರು ಕೂಡಿಸಿಕೊಂಡು ಹೇಳಿದಳು. "ಮಾತ್ರೆ ಇಲ್ಲ. ನನ್ನ ಹತ್ರ ಮಾತ್ರೆ ಇಲ್ಲ. ನಾನು ಬಿಸಿ ಅಂತ ಹೇಳಿದೆ. ಅಕ್ಕನ್ನ ಕೇಳಿ. ಅಕ್ಕ ಅಳೆದ್ರು."

"ಎಲ್ಲಿ ಅಳೆದದ್ದು?" ಎಂದರು ಅಧಿಕಾರಿ.

"ಗೇಟಲ್ಲೇ ಸಾರ್, ನಿಯಮದ ಪ್ರಕಾರ," ಎಂದ ತಮ್ಮ. ಪ್ರಶ್ನೆ ಅವನಿಗಾಗಿರಲಿಲ್ಲ.

ಬೆಳ್ಳಿಹಲ್ಲು, ಅಕ್ಕನೇ ಹೇಳಲಿ ಎಂಬಂತೆ, ಅವಳ ಕಡೆ ತಿರುಗಿದಳು. ಅಳತೆ ಅಕ್ಕ ಕುರ್ಚಿಯ ಕೈ ನೋಡುತ್ತಿದ್ದಳು.

"ಯಂತ್ರ ಸರಿ ಇತ್ತಾ ಮೇಡಂ?"

"ಸರಿ ಇತ್ತು."

"ಅವತ್ತು ಇವರದ್ದು ಎಷ್ಟು ಬಂತು?"

"ಮೂವತ್ತಾರು ಪಾಯಿಂಟ್ ನಾಲ್ಕು."

ಎರಡೂ ನಿಜವಾದ ಉತ್ತರಗಳು. ಇಂಥ ನಿಜ ಹೇಳುವುದು ಇಷ್ಟು ಸುಲಭವೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಧಿಕಾರಿ ಇನ್ನೊಂದು ಕೇಳಿದರು.

"ಬಿಸಿ ಆಗಿದೀನಿ ಅಂತ ಇವರು ನಿಮಗೆ ಹೇಳಿದ್ರಾ?"

ಬೆಳ್ಳಿಹಲ್ಲು ಅವಳನ್ನೇ ನೋಡುತ್ತಿದ್ದಳು. ಆತಂಕದಿಂದಲ್ಲ. ತಕ್ಕಡಿಯ ಮುಂದೆ ನಿಂತವರು ಮುಳ್ಳು ನಿಲ್ಲುವುದನ್ನು ಕಾಯುವ ಹಾಗೆ, ಇನ್ನೇನು ಸರಿಯಾದದ್ದು ಬರುತ್ತದೆ ಎಂಬ ನಂಬಿಕೆಯಿಂದ.

"ಸದ್ದಿತ್ತು ಸಾರ್," ಎಂದಳು ಅಳತೆ ಅಕ್ಕ. "ಲಾರಿಗಳ ಸದ್ದು."

ಬೆಳ್ಳಿಹಲ್ಲು ಹುಬ್ಬು ಗಂಟಿಕ್ಕಿ, ಏನನ್ನೋ ನೆನಪಿಸಿಕೊಳ್ಳುವವಳಂತೆ ಸ್ವಲ್ಪ ಹೊತ್ತು ಕೂತಳು. ಆಮೇಲೆ ತಲೆಯಾಡಿಸಿದಳು.

"ಹೌದು," ಎಂದಳು ಅಧಿಕಾರಿಗೆ. "ಸದ್ದು ಇತ್ತು. ಅಕ್ಕನಿಗೆ ಕೇಳ್ಸಿರಲ್ಲ."

ಮರುದಿನ ಬಸ್ಸು ಹತ್ತುವಾಗ ಅವಳು ಚೀಲದಿಂದ ಟೇಪನ್ನು ಅರ್ಧ ಹೊರಗೆಳೆದು ತೋರಿಸಿ, "ಕಿಟಕಿ ಮುಂದಿನ ವರ್ಷ, ಅಕ್ಕ" ಎಂದು ನಕ್ಕಳು. ಮಾಸ್ಕಿನ ಹಿಂದೆ ಹಲ್ಲು ಕಾಣಲಿಲ್ಲ.

ಆ ಚಳಿಗಾಲ ಅಳತೆ ಅಕ್ಕ ಮನೆಯಲ್ಲಿ ಅಂಕಿ ಹೇಳುವುದನ್ನು ಬಿಟ್ಟಳು. ಮೊಮ್ಮಗಳ ಮೈ ಬೆಚ್ಚಗಾದಾಗ ಕಂಕುಳಿಗೆ ಥರ್ಮಾಮೀಟರು ಇಟ್ಟವಳು ಅವಳೇ. ಗಂಡ ಪಕ್ಕದಿಂದ, "ಎಷ್ಟಿದ್ಯೇ?" ಎಂದ. ಅವಳು ಥರ್ಮಾಮೀಟರನ್ನು ಅವನ ಕೈಗೆ ಕೊಟ್ಟಳು.

"ನೀವೇ ಓದಿ."

"ಯಾಕೆ, ನಿನ್ನ ಕನ್ನಡಕ ಎಲ್ಲೋಯ್ತು?"

"ಮೂಗಿನ ಮೇಲೇ ಇದೆ."

ಅವನು ಒಂದು ತಮಾಷೆ ಹೇಳಲು ಬಾಯಿ ತೆರೆದವನು, ಅವಳ ಮುಖ ನೋಡಿ ಅಂಕಿಯನ್ನಷ್ಟೇ ಓದಿದ.

ಮರಗಳು ಮತ್ತೆ ಮೊಗ್ಗಾದವು. ತಮ್ಮ ಹೊಸ ವರ್ಷದ ಕೆಲಸದವರನ್ನು ಕರೆಸಲು ಶುರುಮಾಡಿದ. ಬೆಳ್ಳಿಹಲ್ಲಿನ ಫೋನು ಬಂದದ್ದು ಆಗ. ಉಸಿರು ಇನ್ನೂ ನಡುನಡುವೆ ತುಂಡಾಗುತ್ತಿತ್ತು. "ಅಕ್ಕ, ಏಜೆನ್ಸಿ ನನ್ನನ್ನ ಬೇಡ ಅಂತು. ನಾನು ಸುಳ್ಳು ಹೇಳಿದೆ ಅಂತೆ. ಇಲ್ಲಿ ಎಲ್ಲರಿಗೂ ಹಾಗೇ ಗೊತ್ತಾಗಿದೆ. ನನ್ನಿಂದ ಕಾಯಿಲೆ ಬಂತು ಅಂತಾರೆ, ನನ್ನ ಜೊತೆ ಬಂದವರ ಮನೆಯವರು. ನೀನು ಹೇಳು ಅವರಿಗೆ. ನಿನ್ನ ಮಾತು ಕೇಳ್ತಾರೆ."

"ಹೇಳ್ತೀನಿ," ಎಂದಳು ಅಳತೆ ಅಕ್ಕ. ಫೋನು ಇಟ್ಟ ಮೇಲೆ ಮುಖ ತೊಳೆದುಕೊಂಡಳು. ತಮ್ಮನಿಗೆ ತಿಳಿಸದೆ ಬಸ್ಸು ಹಿಡಿದು ಇಲಾಖೆಯ ಕಚೇರಿಗೆ ಹೋದಳು.

ಹಳೆಯ ಅಧಿಕಾರಿಗೆ ವರ್ಗವಾಗಿತ್ತು. ಗಾಜಿನ ಹಿಂದೆ ಒಬ್ಬ ಚಿಕ್ಕ ವಯಸ್ಸಿನ ಗುಮಾಸ್ತೆ ಕೂತಿದ್ದಳು. ಗಾಜಿನಲ್ಲಿ ಮಾತಾಡಲು ಬಾಯಿಯ ಎತ್ತರಕ್ಕೆ ಸಣ್ಣ ಸಣ್ಣ ತೂತುಗಳಿದ್ದವು. ಅಳತೆ ಅಕ್ಕನ ಹಿಂದೆ ಸ್ವಲ್ಪ ಸ್ವಲ್ಪ ದೂರದಲ್ಲಿ ಐದಾರು ಜನ ನಿಂತಿದ್ದರು.

"ಹೋದ ವರ್ಷ ನಾನೊಂದು ಹೇಳಿಕೆ ಕೊಟ್ಟಿದ್ದೆ," ಎಂದಳು. "ಅದರಲ್ಲಿನ ಅಳತೆ ಸರಿಯಿಲ್ಲ. ತಣ್ಣಗಿರೋ ಜಾಗದಲ್ಲಿ ಕೂರಿಸಿ ಅಳೆದದ್ದು."

ಗುಮಾಸ್ತೆ ಕಂಪ್ಯೂಟರಿನಲ್ಲಿ ಹುಡುಕಿದಳು, ಓದಿದಳು, ಅವಳ ಮುಖ ನೋಡಿದಳು. "ತಿದ್ದಬಹುದಮ್ಮ, ಯಾಕಾಗಲ್ಲ? ಅಳತೆ ತಪ್ಪು ಅಂತಾದ್ರೆ ಆ ಕೆಲಸದವರ ಮೇಲಿರೋ ಮಾತು ತಾನಾಗೇ ಬಿದ್ದುಹೋಗತ್ತೆ. ಆದ್ರೆ ತಪ್ಪಾಗಿ ಅಳೆಸಿದ್ದು ಯಾರು ಅಂತ ಬರತ್ತೆ. ಅಲ್ಲಿ ಅಳೀಬೇಕು ಅಂತ ಜಾಗ ಗೊತ್ತುಮಾಡಿದ್ದು ಯಾರು?"

ಉತ್ತರ ಎರಡಕ್ಷರದ್ದು. ಅಳತೆ ಅಕ್ಕ ಅವನ ಶೂ ಲೇಸು ಕಟ್ಟುತ್ತಿದ್ದ ಕಾಲವನ್ನು ನೆನೆದಳು. ಅದನ್ನು ನೆನೆಯುವುದೂ ಒಂದು ಉಪಾಯವೇ ಎಂದು ಅವಳಿಗೆ ಆಗಲೇ ಗೊತ್ತಿತ್ತು.

"ಹೋಗ್ಲಿ," ಎಂದಳು ಗುಮಾಸ್ತೆ, ಮೆತ್ತಗೆ. "ಅದು ಆಮೇಲೆ. ಅವತ್ತು ಅವರಿಗೆ ನಿಜವಾಗಿ ಎಷ್ಟಿತ್ತು? ನಿಮ್ಮ ಅಂದಾಜು ಹೇಳಿದ್ರೂ ಆಯ್ತು, ಮೇಲಿನವರಿಗೆ ಕಳಿಸ್ತೀನಿ."

ಅಂದಾಜು ಅವಳಲ್ಲಿತ್ತು. ಮುಂಕೋಣೆಯ ಬೆಂಚಿನ ಮೇಲೆ ತನ್ನ ಹಣೆಗೆ ತಾನೇ ಗನ್ ಹಿಡಿದು ತಿಳಿದುಕೊಂಡದ್ದು ಅದನ್ನೇ. ಅದಕ್ಕಿಂತ ಮುಂಚೆ ಅವಳ ಮಣಿಕಟ್ಟಿಗೇ ತಿಳಿದಿತ್ತು.

"ಅಳೆದಿಲ್ಲ," ಎಂದಳು. "ಅಳೆಯದೆ ನಾನು ಅಂಕಿ ಹೇಳಲ್ಲಮ್ಮ. ಇಷ್ಟು ವರ್ಷದಲ್ಲಿ ಒಂದ್ಸಲವೂ ಹೇಳಿಲ್ಲ."

ಗುಮಾಸ್ತೆ ಗೌರವದಿಂದ ತಲೆಯಾಡಿಸಿದಳು. ಆ ಗೌರವ ಅಳತೆ ಅಕ್ಕನ ಕೆನ್ನೆಗೆ ಹೊಡೆದ ಹಾಗಿತ್ತು. ತನ್ನ ಒಳ್ಳೆಯ ಗುಣದ ಹಿಂದೆ ತಾನು ಅಡಗಿ ಕೂತಿರುವುದು ಅವಳಿಗೆ ಗಾಜಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಕಂಡೂ ಹೊರಗೆ ಬರಲಿಲ್ಲ.

"ಹಾಗಾದ್ರೆ ಮೊದಲಿನ ಹೇಳಿಕೆಯೇ ಇರ್ಲಾ?" ಎಂದಳು ಗುಮಾಸ್ತೆ. "ನೀವು ಅವತ್ತು ಹೇಳಿದ ಅಂಕಿನ ಇನ್ನೊಂದ್ಸಲ ಹೇಳ್ಬಿಡಿ. ಸ್ವಲ್ಪ ಜೋರಾಗಿ, ಈ ಗಾಜಲ್ಲಿ ಕೇಳ್ಸಲ್ಲ."

ಹಿಂದೆ ನಿಂತವರು ಕಾಲು ಬದಲಾಯಿಸಿದರು. ಅಳತೆ ಅಕ್ಕ ಬಗ್ಗಿ, ಬಾಯನ್ನು ತೂತುಗಳ ಹತ್ತಿರ ತಂದು, ಶೆಡ್ಡಿನಲ್ಲಿ ಬೆಲ್ಟಿನ ಆ ತುದಿಗೂ ಕೇಳುವಂತೆ ಕೂಗಿ ರೂಢಿಯಾದ ಗಟ್ಟಿ ದನಿಯಲ್ಲೇ ಹೇಳಿದಳು.

"ಮೂವತ್ತಾರು ಪಾಯಿಂಟ್ ನಾಲ್ಕು."